ಹರ್ಟ್‌ಫರ್ಡ್‌ನಲ್ಲಿ ಅಚ್ಚಾದ ಹಳೆಯ ಪುಸ್ತಕವನ್ನು ಗುರುತಿಸಿ ದಾಖಲಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಕಾಲೇಜಿನ ಸಂಸ್ಕೃತ ವಿಭಾಗದ ಮೂಲೆಯ ಬೀರುವಿನಲ್ಲೋ, ಮನೆಯ ಅಟ್ಟದ ಪೆಟ್ಟಿಗೆಯಲ್ಲೋ ಕಾಳಿದಾಸನ ನಾಟಕದ ಹಳೆಯ ಇಂಗ್ಲಿಷ್ ಪ್ರತಿಯೊಂದು ಸಿಗುತ್ತದೆ. ಶೀರ್ಷಿಕೆ ಪುಟದ ಕೆಳಗೆ ‘ಹರ್ಟ್‌ಫರ್ಡ್, ಸ್ಟೀಫನ್ ಆಸ್ಟಿನ್’ ಎಂದು ಇಂಗ್ಲೆಂಡಿನ ಒಂದು ಊರು, ಒಬ್ಬ ಮುದ್ರಕನ ಹೆಸರಿರುತ್ತದೆ. ಸಿಕ್ಕವರು ಉತ್ಸಾಹದಿಂದ ಅದರ ವಿವರದ ಒಂದು ಚೀಟಿ ಬರೆಯುತ್ತಾರೆ. ಆ ಚೀಟಿಯಲ್ಲಿ ಪ್ರಕಾಶಕರು ತಪ್ಪಾಗಿರುತ್ತಾರೆ, ಇಸವಿ ತಪ್ಪಾಗಿರುತ್ತದೆ, ಎಷ್ಟೋ ಸಲ ಪುಸ್ತಕವೇ ಬೇರೆಯದಾಗಿರುತ್ತದೆ.

ಇಂಥ ಚೀಟಿಗಳನ್ನು ತಿದ್ದಿ ತಿದ್ದಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ತಪ್ಪಿನ ಬೇರು ಒಂದೇ: ಎಲ್ಲರೂ ಶೀರ್ಷಿಕೆ ಪುಟದಿಂದ ಆರಂಭಿಸಿ ಅಲ್ಲಿಯೇ ಮುಗಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಜಿಲ್ಲಾ ಪಟ್ಟಣದ ಅಚ್ಚುಕೂಟದ ಪುಸ್ತಕವನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದಬೇಕು. ಈ ಕ್ರಮ ಬದಲಾದರೆ ಉಳಿದದ್ದೂ ಹಳಿ ತಪ್ಪುತ್ತದೆ.

## ಕೈಗೆ ಬೇಕಾದ ಸಾಮಾನು

ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಮೃದುವಾದ ಪೆನ್ಸಿಲ್, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಸಣ್ಣ ಟಾರ್ಚ್, ಮೆತ್ತನೆಯ ಬ್ರಷ್, ಸುರುಳಿ ಸುತ್ತಿದ ಎರಡು ಟವೆಲ್, ಒಂದು ನೋಟ್‌ಬುಕ್, ಮೊಬೈಲ್ ಕ್ಯಾಮೆರಾ. ನೈಟ್ರೈಲ್ ಕೈಗವಸು ಒಂದು ಜೊತೆ ಹತ್ತಿರ ಇರಲಿ. ಯಾವಾಗ ಬೇಕೆಂದು ಮೊದಲ ಹಂತದಲ್ಲಿ ಹೇಳುತ್ತೇನೆ. ಪೆನ್ನು ಮೇಜಿನ ಮೇಲೆಯೇ ಬೇಡ. ಹತ್ತಿಯ ಬಿಳಿ ಕೈಗವಸು ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದನ್ನು ಹಾಕಿಕೊಂಡರೆ ಹಾಳೆಯ ಅಂಚು ಬೆರಳಿಗೆ ತಿಳಿಯದೆ ಹರಿಯುತ್ತದೆ. ತೊಳೆದು ಒರೆಸಿದ ಒಣ ಕೈ ಸಾಕು.

## ಹಂತ 1: ತೆರೆಯುವ ಮುನ್ನ ಹೊರಗಿನಿಂದ ನೋಡಿ

ಎರಡು ಟವೆಲ್ ಸುರುಳಿಗಳ ನಡುವೆ ಪುಸ್ತಕವನ್ನು ಇಟ್ಟು, ರಟ್ಟು ಪೂರ್ತಿ ಚಪ್ಪಟೆಯಾಗದಂತೆ ತೆರೆಯಬೇಕು. ಮೇಜಿನ ಮೇಲೆ ಒತ್ತಿ ತೆರೆದರೆ ಬೆನ್ನು ಸೀಳುತ್ತದೆ.

ಈಗ ಅಪಾಯದ ಗುರುತುಗಳು. ಬಟ್ಟೆಯ ಹೊದಿಕೆ ಕಣ್ಣು ಕುಕ್ಕುವ ಪಚ್ಚೆ ಹಸಿರಾಗಿದ್ದರೆ ನಿಲ್ಲಿಸಿ. 1840ರಿಂದ 1860ರ ದಶಕದವರೆಗೆ ಇಂಗ್ಲೆಂಡಿನಲ್ಲಿ ಪುಸ್ತಕದ ಬಟ್ಟೆಗೆ ಆರ್ಸೆನಿಕ್ ಬೆರೆತ ಹಸಿರು ಬಣ್ಣ ಬಳಸಿದ್ದುಂಟು. ಅಂಥ ಪ್ರತಿಗೆ ನೈಟ್ರೈಲ್ ಕೈಗವಸು ಬೇಕು, ಕೆಲಸ ಮುಗಿದ ಮೇಲೆ ಮೇಜು ಒರೆಸಬೇಕು, ಪುಸ್ತಕವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಾಗಿ ಇಡಬೇಕು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುವ ಅಭ್ಯಾಸ ಇರುವವರಿಗೆ ಈ ಮಾತನ್ನು ಎರಡು ಸಲ ಹೇಳುತ್ತೇನೆ.

ನಮ್ಮ ಗ್ರಂಥಾಲಯಗಳಲ್ಲಿ ಇನ್ನೊಂದು ಬಗೆಯ ವಿಷವೂ ಇದೆ: ಗೆದ್ದಲಿಗೆಂದು ಹಿಂದೆ ಎರಚಿದ ಕೀಟನಾಶಕದ ಬಿಳಿ ಪುಡಿ. ರಟ್ಟಿನ ಸಂದಿಯಲ್ಲಿ ಅದು ಕಂಡರೆ ಊದಬೇಡಿ. ಮುಖಗವಸು ಹಾಕಿಕೊಂಡು, ತೆರೆದ ಜಾಗದಲ್ಲಿ ಬ್ರಷ್‌ನಿಂದ ನಿಮ್ಮಿಂದ ದೂರಕ್ಕೆ ಗುಡಿಸಿ. ಹಸಿ ಬೂಷ್ಟು ಇದ್ದರೆ ಮೊದಲು ಗಾಳಿಯಾಡುವ ನೆರಳಿನಲ್ಲಿ ಒಣಗಬೇಕು. ಬಿಸಿಲಿಗೆ ಇಟ್ಟರೆ ರಟ್ಟು ದೋಣಿಯಂತೆ ಬಾಗುತ್ತದೆ.

## ಹಂತ 2: ಕೊನೆಯ ಪುಟದ ಅಡಿಯನ್ನು ಓದಿ

1799ರ ಬ್ರಿಟಿಷ್ ಕಾಯಿದೆಯೊಂದು ಮುದ್ರಕನ ಹೆಸರು ಮತ್ತು ಊರನ್ನು ಪುಸ್ತಕದ ಮೊದಲ ಹಾಗೂ ಕೊನೆಯ ಹಾಳೆಯಲ್ಲಿ ಅಚ್ಚುಮಾಡಲೇಬೇಕು ಎಂದು ವಿಧಿಸಿತು. ಸರ್ಕಾರಕ್ಕೆ ರಾಜದ್ರೋಹದ ಕರಪತ್ರಗಳ ಭಯ. ನಮಗೆ ಅದರಿಂದ ಉಪಕಾರ. 1839ರಲ್ಲಿ ನಿಯಮ ಸಡಿಲವಾಗಿ, ಮೊದಲ ಅಥವಾ ಕೊನೆಯ ಹಾಳೆಯಲ್ಲಿ ಒಂದು ಕಡೆ ಇದ್ದರೆ ಸಾಕು ಎಂದಾಯಿತು. ಆದ್ದರಿಂದ 1839ರ ನಂತರದ ಪುಸ್ತಕದಲ್ಲಿ ಶೀರ್ಷಿಕೆ ಪುಟ ಏನೂ ಹೇಳದಿದ್ದರೂ ಕೊನೆಯ ಹಾಳೆ ಹೇಳಬಹುದು.

ನೋಡಬೇಕಾದ ಜಾಗಗಳು ಈ ಕ್ರಮದಲ್ಲಿ: ಪಠ್ಯದ ಕೊನೆಯ ಪುಟದ ಅಡಿ, ಅದರ ಹಿಂಬದಿ, ಶೀರ್ಷಿಕೆ ಪುಟದ ಹಿಂಬದಿ, ಕೊನೆಗೆ ಶೀರ್ಷಿಕೆ ಪುಟ. ಪ್ರತಿ ಜಾಗದಲ್ಲಿ ಇರುವುದನ್ನು ಅಲ್ಪವಿರಾಮ ಸಹಿತ ಇದ್ದಂತೆಯೇ ನಕಲು ಮಾಡಿಕೊಳ್ಳಿ. ತಿದ್ದಬೇಡಿ, ಸಂಕ್ಷೇಪಿಸಬೇಡಿ.

ಇಲ್ಲೊಂದು ಬಲೆ ಇದೆ. ಹರ್ಟ್‌ಫರ್ಡ್‌ನಿಂದ ಪರ್ಷಿಯನ್ ಮತ್ತು ಉರ್ದು ಪಠ್ಯಗಳೂ ಬಂದಿವೆ. ಅವು ಬಲದಿಂದ ಎಡಕ್ಕೆ ಸಾಗುತ್ತವೆ. ಇಂಥ ಪುಸ್ತಕಕ್ಕೆ ಎರಡು ‘ಮೊದಲ ಪುಟ’ ಇರಬಹುದು: ಒಂದು ತುದಿಯಲ್ಲಿ ಇಂಗ್ಲಿಷ್ ಮುನ್ನುಡಿ, ಇನ್ನೊಂದು ತುದಿಯಲ್ಲಿ ಮೂಲ ಪಠ್ಯದ ಆರಂಭ. ಇಂಗ್ಲಿಷ್ ಪುಸ್ತಕದಂತೆ ಹಿಡಿದು ‘ಕೊನೆಯ ಪುಟ’ ಎಂದು ನೀವು ಬರೆದುಕೊಂಡದ್ದು ನಿಜದಲ್ಲಿ ಮೂಲದ ಮೊದಲ ಪುಟವಾಗಿರುತ್ತದೆ. ಎರಡೂ ತುದಿಗಳನ್ನು ಕೊನೆಯೆಂದೇ ಭಾವಿಸಿ ಪರೀಕ್ಷಿಸಿ.

## ಹಂತ 3: ಊರು ಯಾವುದೆಂದು ಖಚಿತಪಡಿಸಿಕೊಳ್ಳಿ

ಹರ್ಟ್‌ಫರ್ಡ್ ಲಂಡನ್ನಿನ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದ ಜಿಲ್ಲಾ ಪಟ್ಟಣ. ಅಲ್ಲಿನವರ ಬಾಯಲ್ಲಿ ಅದು ‘ಹಾರ್ಟ್‌ಫರ್ಡ್’ನಂತೆ ಕೇಳಿಸುತ್ತದೆ, ಗೊಂದಲ ಶುರುವಾಗುವುದೇ ಇಲ್ಲಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡ್ ಬೇರೆ, ಅದರ ಕಾಗುಣಿತದಲ್ಲಿ ಎರಡನೆಯ ಅಕ್ಷರ ‘ಎ’. ವೇಲ್ಸ್ ಗಡಿಯ ಹತ್ತಿರದ ಹೆರೆಫರ್ಡ್ ಬೇರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹರ್ಟ್‌ಫರ್ಡ್ ಎಂಬ ಕಾಲೇಜೂ ಇದೆ. ಅದಕ್ಕೂ ಈ ಅಚ್ಚುಕೂಟಕ್ಕೂ ಸಂಬಂಧವಿಲ್ಲ. ನಾನೇ ಒಮ್ಮೆ ಚೀಟಿಯಲ್ಲಿ ಹೆರೆಫರ್ಡ್ ಎಂದು ಬರೆದು, ಆ ಪುಸ್ತಕವನ್ನು ಎರಡು ವರ್ಷ ಹುಡುಕಿದ್ದೇನೆ.

## ಹಂತ 4: ಅಚ್ಚು ಹಾಕಿದವರು ಯಾರು, ದುಡ್ಡು ಹಾಕಿದವರು ಯಾರು?

ಅತಿ ಹೆಚ್ಚು ಜನ ಬೀಳುವ ಗುಂಡಿ ಇದು.

ಹರ್ಟ್‌ಫರ್ಡ್ ಬಳಿಯ ಹೈಲಿಬರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಸಿವಿಲ್ ಅಧಿಕಾರಿಗಳನ್ನು ತರಬೇತುಗೊಳಿಸುವ ಕಾಲೇಜು ನಡೆಸುತ್ತಿತ್ತು: 1806ರಲ್ಲಿ ಹರ್ಟ್‌ಫರ್ಡ್ ಕೋಟೆಯಲ್ಲಿ ಆರಂಭ, 1809ರಲ್ಲಿ ಹೈಲಿಬರಿಗೆ ಸ್ಥಳಾಂತರ, 1858ರಲ್ಲಿ ಮುಚ್ಚಿತು. ಅಲ್ಲಿನ ಹುಡುಗರಿಗೆ ಸಂಸ್ಕೃತ, ಪರ್ಷಿಯನ್, ಹಿಂದೂಸ್ತಾನಿ ಪಠ್ಯಗಳು ಬೇಕಿದ್ದವು. ಸ್ಟೀಫನ್ ಆಸ್ಟಿನ್ ಆ ಕಾಲೇಜಿನ ಪುಸ್ತಕ ವ್ಯಾಪಾರಿಯೂ ಹೌದು, ಮುದ್ರಕನೂ ಹೌದು. ಹೀಗಾಗಿ ಒಂದೇ ಹೆಸರು ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ಪಾತ್ರದಲ್ಲಿ ಬರುತ್ತದೆ.

ಆದ್ದರಿಂದ ಹೆಸರಿಗಿಂತ ಅದರ ಹಿಂದಿನ ಪದವನ್ನು ಗಮನಿಸಿ. ‘ಇಂಥವರಿಂದ ಮುದ್ರಿತ’ ಎಂದಿದ್ದರೆ ಆತ ಮುದ್ರಕ ಮಾತ್ರ. ‘ಇಂಥವರಿಗಾಗಿ ಮುದ್ರಿತ’ ಎಂದಿದ್ದರೆ ಖರ್ಚು ಹೊತ್ತವರು ಆ ಇನ್ನೊಬ್ಬರು, ಅವರೇ ಪ್ರಕಾಶಕರು. ‘ಇಂಥಲ್ಲಿ ಮಾರಾಟಕ್ಕಿದೆ’ ಎಂದಿದ್ದರೆ ಅವರು ಬರೀ ಮಾರಾಟಗಾರರು. ಯಾವ ಪದವೂ ಇಲ್ಲದೆ ಶೀರ್ಷಿಕೆ ಪುಟದಲ್ಲಿ ಊರು, ಆಸ್ಟಿನ್ ಹೆಸರು, ಇಸವಿ ಮಾತ್ರ ಇದ್ದರೆ ಆತನನ್ನು ಪ್ರಕಾಶಕನೆಂದು ದಾಖಲಿಸಬಹುದು.

ಎರಡನೆಯ ಬಗೆ ಉಲ್ಟಾ. ಶೀರ್ಷಿಕೆ ಪುಟದಲ್ಲಿ ಲಂಡನ್ನಿನ ಪ್ರಕಾಶಕ ಟ್ರೂಬ್ನರ್ ಹೆಸರಿರುತ್ತದೆ, ಹರ್ಟ್‌ಫರ್ಡ್ ಹೆಸರು ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ಕಾಲೇಜು ಮುಚ್ಚಿದ ಮೇಲೂ ಈ ಅಚ್ಚುಕೂಟ ಪ್ರಾಚ್ಯ ಭಾಷೆಗಳ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮುಂದುವರಿಸಿತು. ಎರಡನೆಯ ಹಂತವನ್ನು ಹಾರಿಸಿದವರಿಗೆ ಇಂಥ ಪುಸ್ತಕ ಹರ್ಟ್‌ಫರ್ಡ್‌ನದೆಂದು ಗೊತ್ತೇ ಆಗುವುದಿಲ್ಲ.

‘ಸ್ಟೀಫನ್ ಆಸ್ಟಿನ್’ ಎಂದಷ್ಟೇ ಇದೆಯೋ, ‘ಮತ್ತು ಮಕ್ಕಳು’ ಎಂದು ಸೇರಿದೆಯೋ ನೋಡಿ. ಮಕ್ಕಳು ಸೇರಿದ್ದು ನಂತರದ ಕಾಲದ ಗುರುತು. ಇಸವಿ ಇರುವ ಪ್ರತಿಗಳಲ್ಲಿ ಯಾವ ರೂಪ ಯಾವ ವರ್ಷ ಬಂದಿದೆ ಎಂದು ನಿಮ್ಮದೇ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಇಸವಿಯಿಲ್ಲದ ಪ್ರತಿ ಸಿಕ್ಕಾಗ ಅದೇ ನಿಮ್ಮ ಕೈಪಿಡಿ.

## ಹಂತ 5: ಜೋಡಿ ಪುಸ್ತಕವೇ ಎಂದು ಪರೀಕ್ಷಿಸಿ

ಇದನ್ನು ಬೇರೆಲ್ಲೂ ಯಾರೂ ಒತ್ತಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹರ್ಟ್‌ಫರ್ಡ್‌ನ ಹಲವು ಪುಸ್ತಕಗಳು ಜೋಡಿಯಾಗಿ ಬರುತ್ತವೆ: ತರಗತಿಗಾಗಿ ಮೂಲ ಪಠ್ಯ, ಸ್ವಲ್ಪ ಸಮಯದಲ್ಲೇ ಇಂಗ್ಲಿಷ್ ಅನುವಾದ. ಕೃತಿ ಒಂದೇ, ಊರು ಒಂದೇ, ಅಚ್ಚುಕೂಟ ಒಂದೇ, ಪುಸ್ತಕ ಎರಡು.

‘ವಿಕ್ರಮೋರ್ವಶೀಯ’ವನ್ನು ತೆಗೆದುಕೊಳ್ಳಿ. ಮೋನಿಯರ್ ವಿಲಿಯಮ್ಸ್ ಸಂಪಾದಿಸಿದ ಸಂಸ್ಕೃತ ಪಠ್ಯ 1849ರದು. ಎಡ್ವರ್ಡ್ ಬೈಲ್ಸ್ ಕೋವೆಲ್ ಮಾಡಿದ ಇಂಗ್ಲಿಷ್ ಗದ್ಯಾನುವಾದ 1851ರದು. ಪರ್ಷಿಯನ್ ಕವಿ ಸಾದಿಯ ‘ಗುಲಿಸ್ತಾನ್’ನ ಪರ್ಷಿಯನ್ ಪಠ್ಯ 1850ರದು, ಅದರ ಅನುವಾದ 1852ರದು, ಎರಡಕ್ಕೂ ಎಡ್ವರ್ಡ್ ಈಸ್ಟ್‌ವಿಕ್‌ನ ಹೆಸರೇ. ‘ಶಾಕುಂತಲ’ದ ದೇವನಾಗರಿ ಪಠ್ಯ 1853ರದು, ಅಲಂಕೃತವಾಗಿ ಅಚ್ಚಾದ ಅನುವಾದ 1855ರದು, ಎರಡಕ್ಕೂ ಮೋನಿಯರ್ ವಿಲಿಯಮ್ಸ್‌ನ ಹೆಸರೇ. ಚೀಟಿಯಲ್ಲಿ ‘ಶಾಕುಂತಲ, ಮೋನಿಯರ್ ವಿಲಿಯಮ್ಸ್, ಹರ್ಟ್‌ಫರ್ಡ್’ ಎಂದಷ್ಟೇ ಬರೆದರೆ ಯಾವುದೆಂದು ದೇವರೇ ಹೇಳಬೇಕು.

ಪರೀಕ್ಷೆ ಸುಲಭ. ನಡುವಿನ ಯಾವುದಾದರೂ ಪುಟ ತೆರೆದು ಲಿಪಿ ನೋಡಿ. ನಂತರ ಶೀರ್ಷಿಕೆಯ ಇಂಗ್ಲಿಷ್ ಕಾಗುಣಿತ ನೋಡಿ: 1853ರ ಪಠ್ಯದಲ್ಲಿ ಶಕುಂತಲೆಯ ‘ಕು’ಗೆ ‘ಯು’ ಅಕ್ಷರ ಬಳಸಿದ್ದರೆ, 1855ರ ಅನುವಾದದಲ್ಲಿ ಎರಡು ‘ಓ’ ಬಳಸಿದ್ದಾರೆ. ವಿದ್ಯಾರ್ಥಿಗೆ ಒಂದು ಕಾಗುಣಿತ, ಸಾಮಾನ್ಯ ಓದುಗನಿಗೆ ಇನ್ನೊಂದು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹುಡುಕುವಾಗಲೂ ಎರಡನ್ನೂ ಹಾಕಿ ನೋಡಬೇಕು. ಮೋನಿಯರ್ ವಿಲಿಯಮ್ಸ್ ಮುಂದೆ ಎರಡೂ ಹೆಸರುಗಳನ್ನು ಕೂಡಿಸಿ ಮನೆತನದ ಹೆಸರು ಮಾಡಿಕೊಂಡದ್ದರಿಂದ ಕೆಲವು ಪಟ್ಟಿಗಳಲ್ಲಿ ಆತ ‘ಎಂ’ ಅಡಿಯಲ್ಲಿ, ಕೆಲವುಗಳಲ್ಲಿ ‘ಡಬ್ಲ್ಯು’ ಅಡಿಯಲ್ಲಿ ಕುಳಿತಿರುತ್ತಾನೆ.

ಮರುಮುದ್ರಣಗಳ ವಿಷಯದಲ್ಲೂ ಎಚ್ಚರ. ‘ಶಾಕುಂತಲ’ ಪಠ್ಯದ ಎರಡನೆಯ ಆವೃತ್ತಿ 1876ರಲ್ಲಿ ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ಮುದ್ರಣಾಲಯದಿಂದ ಬಂತು. ಅದರಲ್ಲಿ ಹಳೆಯ ಮುನ್ನುಡಿ ಕಂಡ ಮಾತ್ರಕ್ಕೆ ಪುಸ್ತಕ ಹರ್ಟ್‌ಫರ್ಡ್‌ನದಾಗುವುದಿಲ್ಲ.

## ಹಂತ 6: ಇಸವಿ ಕಟ್ಟಿ

ಶೀರ್ಷಿಕೆ ಪುಟದ ಇಸವಿ ರೋಮನ್ ಅಂಕಿಯಲ್ಲಿದ್ದರೆ ಬಾಯಲ್ಲಿ ಲೆಕ್ಕ ಹಾಕಬೇಡಿ, ಕಾಗದದ ಮೇಲೆ ಬಿಡಿಸಿ ಬರೆಯಿರಿ. ಎಂ ಎಂದರೆ 1000, ಡಿ 500, ಮೂರು ಸಿ 300, ಇಷ್ಟಕ್ಕೆ 1800. ಆಮೇಲೆ ‘ಎಕ್ಸ್-ಎಲ್’ ಬಂದರೆ 40, ‘ಐ-ಎಕ್ಸ್’ ಬಂದರೆ 9, ಒಟ್ಟು 1849. ಚಿಕ್ಕ ಅಕ್ಷರ ಎಡಕ್ಕೆ ನಿಂತರೆ ಕಳೆಯಬೇಕು ಎಂಬುದನ್ನು ಮರೆತವರು ಇದನ್ನೇ 1871 ಎಂದು ಓದುತ್ತಾರೆ. ‘ಎಕ್ಸ್-ಎಲ್’ಅನ್ನು 60 ಎಂದು ಕೂಡಿದ ಚೀಟಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುನ್ನುಡಿಯ ಕೆಳಗಿನ ದಿನಾಂಕ ಪ್ರಕಟಣೆಯ ದಿನಾಂಕವಲ್ಲ. ಡಿಸೆಂಬರಿನಲ್ಲಿ ಬರೆದ ಮುನ್ನುಡಿ ಮರುವರ್ಷದ ಪುಸ್ತಕದಲ್ಲಿ ಇರುವುದು ಸಹಜ. ವರ್ಷದ ಕೊನೆಯಲ್ಲಿ ಹೊರಬಂದ ಪುಸ್ತಕಕ್ಕೆ ಮುಂದಿನ ವರ್ಷದ ಇಸವಿ ಹಾಕುವ ರೂಢಿಯೂ ಪ್ರಕಾಶಕರಲ್ಲಿ ಇತ್ತು. ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ.

ಹಿಂದೆ ಹೊಲಿದಿರುವ ಪುಸ್ತಕ ಜಾಹೀರಾತಿನ ಹಾಳೆಗಳಲ್ಲಿ ಬೇರೊಂದು ಇಸವಿ ಇದ್ದರೆ ಅದು ಬೈಂಡಿಂಗಿನ ಕಾಲವನ್ನು ಹೇಳುತ್ತದೆ, ಅಚ್ಚಿನ ಕಾಲವನ್ನಲ್ಲ. ಮಾರಾಟವಾಗದ ಹಾಳೆಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು, ಆಮೇಲೆ ರಟ್ಟು ಕಂಡದ್ದುಂಟು.

ಇಸವಿ ಎಲ್ಲಿಯೂ ಇಲ್ಲದಿದ್ದರೆ ಹಾಳೆಯ ಹಿಂದೆ ಟಾರ್ಚ್ ಹಿಡಿಯಿರಿ. 1794ರ ಕಾಯಿದೆಯ ನಂತರ ಇಂಗ್ಲಿಷ್ ಕಾಗದ ತಯಾರಕರಲ್ಲಿ ವಾಟರ್‌ಮಾರ್ಕಿನೊಳಗೆ ಇಸವಿ ಸೇರಿಸುವ ರೂಢಿ ಬೆಳೆಯಿತು. 1822 ಎಂಬ ವಾಟರ್‌ಮಾರ್ಕ್ ಕಂಡರೆ ಪುಸ್ತಕ 1822ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅರ್ಥ, 1822ರದೇ ಎಂದಲ್ಲ. ಯಂತ್ರದ ಕಾಗದದಲ್ಲಿ ಬಹುಪಾಲು ಇದೂ ಸಿಗದು. ಇಂಗ್ಲೆಂಡಿನ ಮೊದಲ ಕಾಗದ ಯಂತ್ರ 1803ರಲ್ಲಿ ಓಡಿದ್ದು ಇದೇ ಹರ್ಟ್‌ಫರ್ಡ್‌ಷೈರ್‌ನ ಫ್ರಾಗ್‌ಮೋರ್ ಗಿರಣಿಯಲ್ಲಿ, ಆದ್ದರಿಂದ ಶತಮಾನದ ನಡುವಿನ ಪುಸ್ತಕದಲ್ಲಿ ಇಂಥ ಗುರುತಿಲ್ಲದ ಕಾಗದ ಕಂಡರೆ ಆಶ್ಚರ್ಯ ಬೇಡ. ಆಗ ‘ಇಂಥ ವರ್ಷಕ್ಕಿಂತ ಹಿಂದಲ್ಲ, ಇಂಥ ವರ್ಷಕ್ಕಿಂತ ಮುಂದಲ್ಲ’ ಎಂದು ಎರಡು ಗಡಿ ಹಾಕಿ. ಮುಂದಿನ ಗಡಿಗೆ ಮಾಲೀಕರ ಸಹಿಯ ದಿನಾಂಕ ಉಪಯೋಗಕ್ಕೆ ಬರುತ್ತದೆ.

## ಹಂತ 7: ಫಾರಂ ಎಣಿಸಿ

ಪುಟಸಂಖ್ಯೆ ನಂಬಿ ‘ಪೂರ್ತಿ ಇದೆ’ ಎನ್ನಬೇಡಿ. ಕೆಲವು ಪುಟಗಳ ಅಡಿಯಲ್ಲಿ ಒಂಟಿ ಇಂಗ್ಲಿಷ್ ಅಕ್ಷರ ಕಾಣುತ್ತದೆ. ನಮ್ಮ ಅಚ್ಚುಕೂಟದವರು ಫಾರಂ ಎನ್ನುವ, ಒಂದೇ ದೊಡ್ಡ ಹಾಳೆಯನ್ನು ಮಡಿಸಿ ಮಾಡಿದ ಕಂತೆಯ ಗುರುತು ಅದು. ದೊಡ್ಡ ಹಾಳೆ ಎಂಟು ಹಾಳೆಯಾಗುವಂತೆ ಮಡಿಸುವ ಅಷ್ಟದಳ (ಆಕ್ಟೇವೊ) ಆಕಾರದಲ್ಲಿ ಸಾಮಾನ್ಯವಾಗಿ ಒಂದು ಫಾರಂ ಎಂದರೆ 8 ಹಾಳೆ, 16 ಪುಟ.

ಮುನ್ನುಡಿಯ ಭಾಗ ಕೊನೆಗೆ ಅಚ್ಚಾಗುತ್ತಿದ್ದುದರಿಂದ ಪಠ್ಯ ಬಹುಪಾಲು ‘ಬಿ’ಯಿಂದ ಶುರುವಾಗುತ್ತದೆ. ಹಾಗಿದ್ದರೆ ‘ಬಿ’ 1ನೆಯ ಪುಟ, ‘ಸಿ’ 17, ‘ಡಿ’ 33, ‘ಇ’ 49, ‘ಎಫ್’ 65. ಇಂಗ್ಲಿಷ್ ಮುದ್ರಕರು ಹಳೆಯ 23 ಅಕ್ಷರಗಳ ಮಾಲೆಯನ್ನೇ ಬಳಸುತ್ತಿದ್ದರು. ಅದರಲ್ಲಿ ‘ಜೆ’ ಇಲ್ಲ, ‘ಡಬ್ಲ್ಯು’ ಇಲ್ಲ, ‘ಯು’ ಮತ್ತು ‘ವಿ’ಗಳಲ್ಲಿ ಒಂದು ಇಲ್ಲ. 113ನೆಯ ಪುಟದಲ್ಲಿ ‘ಐ’ ಬಂದು 129ರಲ್ಲಿ ನೇರ ‘ಕೆ’ ಬಂದರೆ ಫಾರಂ ಕಳೆದುಹೋಗಿಲ್ಲ. ಇದನ್ನು ತಿಳಿಯದೆ ‘ಒಂದು ಫಾರಂ ಇಲ್ಲ’ ಎಂದು ದಾಖಲಿಸಿ ಒಳ್ಳೆಯ ಪ್ರತಿಯನ್ನು ಹರಿದ ಪುಸ್ತಕಗಳ ರಾಶಿಗೆ ಹಾಕಿದ ಗ್ರಂಥಾಲಯ ನನಗೆ ಗೊತ್ತು. ‘ಝಡ್’ ಮುಗಿದ ಮೇಲೆ 353ನೆಯ ಪುಟದಿಂದ ಜೋಡಿ ಅಕ್ಷರ ಶುರು.

ಅಕ್ಷರಗಳು 8 ಪುಟಕ್ಕೊಮ್ಮೆ ಬಂದರೆ ಫಾರಂ 4 ಹಾಳೆಯದು. ಲೆಕ್ಕ ಹಾಗೆಯೇ ಬದಲಿಸಿಕೊಳ್ಳಿ. ಪಠ್ಯಕ್ಕೆ ಒಂದು, ಶಬ್ದಕೋಶಕ್ಕೆ ಇನ್ನೊಂದು ಎಂದು ಪುಟಸಂಖ್ಯೆ ಎರಡು ಸಲ 1ರಿಂದ ಆರಂಭವಾದರೆ ಎರಡು ಸಾಲುಗಳನ್ನೂ ಬರೆಯಿರಿ, ಕೂಡಿಸಬೇಡಿ.

## ಹಂತ 8: ರಟ್ಟು, ಮುದ್ರೆ, ಸಹಿ

ನಮ್ಮಲ್ಲಿ ಸಿಗುವ ಬಹುತೇಕ ಪ್ರತಿಗಳು ಇಲ್ಲಿಯೇ ಮರುಬೈಂಡ್ ಆದವು. ಬೈಂಡರು ಅಂಚು ಕತ್ತರಿಸುವಾಗ ಫಾರಂ ಅಕ್ಷರಗಳು ಹೋಗಿರಬಹುದು. ಅರ್ಧಶೀರ್ಷಿಕೆಯ ಹಾಳೆ (ಶೀರ್ಷಿಕೆ ಪುಟಕ್ಕೂ ಮುಂಚೆ ಪುಸ್ತಕದ ಹೆಸರಷ್ಟೇ ಇರುವ ಹಾಳೆ), ಜಾಹೀರಾತಿನ ಹಾಳೆಗಳನ್ನು ಕಸವೆಂದು ಕಿತ್ತಿರಬಹುದು. ಮರುಬೈಂಡ್ ಪ್ರತಿಯಲ್ಲಿ ಕೊನೆಯ ಹಾಳೆ ಇಲ್ಲದಿದ್ದರೆ ಮುದ್ರಕನ ಹೆಸರೂ ಅದರ ಜೊತೆ ಹೋಗಿದೆ ಎಂದು ನೆನಪಿಡಿ.

ಸಹಿ, ಉಡುಗೊರೆಯ ಬರಹ, ಗ್ರಂಥಾಲಯದ ಮುದ್ರೆ ಎಲ್ಲವನ್ನೂ ನಕಲಿಸಿ. ಹೈಲಿಬರಿಯಲ್ಲಿ ಓದಿದವರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಕೆನರಾ, ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿಗಳಿಗೆ ಅಧಿಕಾರಿಗಳಾಗಿ ಬಂದರು. 1824ರಲ್ಲಿ ಕಿತ್ತೂರಿನಲ್ಲಿ ಸೆರೆಸಿಕ್ಕಿ, ಮುಂದೆ ಕನ್ನಡ ಶಾಸನಗಳ ನಕಲುಗಳನ್ನು ಸಂಗ್ರಹಿಸಿದ ವಾಲ್ಟರ್ ಎಲಿಯಟ್ ಆ ಕಾಲೇಜಿನ ವಿದ್ಯಾರ್ಥಿಯೇ. ಹಾಗೆಂದು ಪ್ರತಿ ಇಂಗ್ಲಿಷ್ ಸಹಿಯ ಹಿಂದೆ ಒಬ್ಬ ಕಲೆಕ್ಟರನನ್ನು ಕಲ್ಪಿಸಿಕೊಳ್ಳಬೇಡಿ. ಓದಲು ಬಂದಷ್ಟನ್ನು ಬರೆದು, ಬಾರದ ಅಕ್ಷರಕ್ಕೆ ಚುಕ್ಕೆ ಹಾಕಿ.

ಬೇರೆ ಗ್ರಂಥಾಲಯದ ಮುದ್ರೆ ಇದ್ದು ‘ವಿಲೇವಾರಿ’ ಅಥವಾ ‘ರದ್ದು’ ಮುದ್ರೆ ಇಲ್ಲದಿದ್ದರೆ, ಕೊಳ್ಳುವ ಮೊದಲು ಆ ಗ್ರಂಥಾಲಯವನ್ನು ಕೇಳಿ.

## ಹಂತ 9: ಇನ್ನೊಂದು ಪ್ರತಿಯೊಂದಿಗೆ ಹೋಲಿಸಿ

ಅಂತರ್ಜಾಲದ ಸ್ಕ್ಯಾನ್ ಪ್ರತಿ ನೆರವಾಗುತ್ತದೆ, ಆದರೆ ಸಾಕ್ಷಿಯಾಗಿ ದುರ್ಬಲ. ಸ್ಕ್ಯಾನ್ ಮಾಡುವವರು ಖಾಲಿ ಪುಟ, ಹಿಂಬದಿ, ಜಾಹೀರಾತುಗಳನ್ನು ಬಿಟ್ಟಿರುತ್ತಾರೆ. ಪುಟದ ಗಾತ್ರ ಅದರಲ್ಲಿ ತಿಳಿಯುವುದಿಲ್ಲ. ಫೈಲಿನ ಹೆಸರಿನಲ್ಲಿರುವ ಇಸವಿ ಯಾರದೋ ಊಹೆ ಆಗಿರಬಹುದು. ಶೀರ್ಷಿಕೆ ಪುಟದ ಚಿತ್ರ, ಕೊನೆಯ ಪುಟದ ಚಿತ್ರ, ಪುಟಸಂಖ್ಯೆಯ ಸಾಲು, ಈ ಮೂರನ್ನು ನಿಮ್ಮ ಪ್ರತಿಯೊಂದಿಗೆ ಹೋಲಿಸಿ. ಮೂರರಲ್ಲಿ ಒಂದು ತಾಳೆಯಾಗದಿದ್ದರೂ ಬೇರೆ ಆವೃತ್ತಿಯೆಂದು ಅನುಮಾನಿಸಿ, ಹಂತ 5ಕ್ಕೆ ಹಿಂದಿರುಗಿ.

ಈಚಿನ ನಕಲು ಮುದ್ರಣವನ್ನು ಹಳೆಯದೆಂದು ಮಾರುವವರೂ ಇದ್ದಾರೆ. ಭೂತಗನ್ನಡಿಯಲ್ಲಿ ಅಕ್ಷರದ ಅಂಚು ಚುಕ್ಕೆಚುಕ್ಕೆಯಾಗಿ ಒಡೆದಿದ್ದರೆ, ಟಾರ್ಚನ್ನು ಓರೆಯಾಗಿ ಹಿಡಿದಾಗ ಮೊಳೆ ಒತ್ತಿದ ಗುರುತು ಹಾಳೆಯ ಹಿಂಬದಿಯಲ್ಲಿ ಎಲ್ಲಿಯೂ ಕಾಣದಿದ್ದರೆ, ಅದು ಫೋಟೊ ನಕಲು. 1850ರದೆನ್ನುವ ಹಾಳೆ ಹಪ್ಪಳದಂತೆ ಮುರಿಯುತ್ತಿದ್ದರೂ ಅನುಮಾನಪಡಿ: ಆ ಕಾಲದ ಚಿಂದಿ ಬಟ್ಟೆಯ ಕಾಗದ ಕಂದಾದರೂ ಬಳುಕುತ್ತದೆ, ಪುಡಿಯಾಗುವುದು ಹೆಚ್ಚಾಗಿ ನಂತರದ ಮರದ ತಿರುಳಿನ ಕಾಗದ.

## ಹಂತ 10: ಚೀಟಿ ಬರೆಯಿರಿ

ಹೀಗಿರಲಿ:

ಕೃತಿ: ವಿಕ್ರಮೋರ್ವಶೀಯ, ಇಂಗ್ಲಿಷ್ ಗದ್ಯಾನುವಾದ (ಮೂಲ ಪಠ್ಯವಲ್ಲ).
ಅನುವಾದಕ: ಎಡ್ವರ್ಡ್ ಬೈಲ್ಸ್ ಕೋವೆಲ್.
ಶೀರ್ಷಿಕೆ ಪುಟದ ಊರು, ಹೆಸರು, ಇಸವಿ: ಹರ್ಟ್‌ಫರ್ಡ್, ಸ್ಟೀಫನ್ ಆಸ್ಟಿನ್, 1851.
ಕೊನೆಯ ಹಾಳೆಯ ಮುದ್ರಕ ವಿವರ: ಇದ್ದಂತೆಯೇ ನಕಲು, ಇಲ್ಲದಿದ್ದರೆ ‘ಇಲ್ಲ’ ಅಥವಾ ‘ಹಾಳೆ ಹೋಗಿದೆ’.
ಮುನ್ನುಡಿಯ ದಿನಾಂಕ: ಪ್ರತ್ಯೇಕವಾಗಿ.
ಪುಟಗಳು ಮತ್ತು ಫಾರಂ: ನೀವು ಎಣಿಸಿದ್ದು ಮಾತ್ರ.
ಹಾಳೆಯ ಎತ್ತರ: ಮಿಲಿಮೀಟರಿನಲ್ಲಿ.
ರಟ್ಟು: ಮೂಲದ್ದೋ, ಮರುಬೈಂಡೋ.
ಗುರುತುಗಳು: ಸಹಿ, ಮುದ್ರೆ, ಹುಳು, ಹಸಿರು ಬಟ್ಟೆ.

ಊಹಿಸಿದ್ದೆಲ್ಲ ಚೌಕ ಆವರಣದೊಳಗೆ ಹೋಗಬೇಕು. ಚೀಟಿಯನ್ನು ಪುಸ್ತಕಕ್ಕೆ ಅಂಟಿಸಬೇಡಿ, ಸೆಲ್ಲೊಟೇಪ್ ಅಂತೂ ಬೇಡವೇ ಬೇಡ. ಒಂದು ಪ್ರತಿ ಕಡತದಲ್ಲಿ, ಒಂದು ಪ್ರತಿ ಪುಸ್ತಕದ ಹೊರಗಿನ ಕಾಗದದ ಹೊದಿಕೆಯಲ್ಲಿ ಇರಲಿ. ಕೊನೆಗೆ ಪುಸ್ತಕವನ್ನು ನೋಡಿರದ ಒಬ್ಬರ ಕೈಗೆ ಪುಸ್ತಕವನ್ನಷ್ಟೇ ಕೊಟ್ಟು, ನಿಮ್ಮ ಚೀಟಿ ತೋರಿಸದೆ, ಫಾರಂ ಮತ್ತು ಪುಟಗಳನ್ನು ಎಣಿಸಲು ಹೇಳಿ. ಅವರ ಲೆಕ್ಕ ನಿಮ್ಮದಕ್ಕೆ ಹೊಂದದಿದ್ದರೆ ಇಬ್ಬರೂ ಒಟ್ಟಿಗೆ ಕುಳಿತು ‘ಬಿ’ಯಿಂದ ಮತ್ತೆ ಶುರುಮಾಡಿ.